ಮಡಕೆ ನೀರು ಯಾಕೆ ತಣ್ಣಗಾಗಲಿಲ್ಲ? ಆವಿಯಿಂದ ತಂಪಾಗುವ ಪ್ರಯೋಗವನ್ನು ಮನೆಯಲ್ಲೇ ಸರಿಯಾಗಿ ಮಾಡುವ ಕ್ರಮ

ಬೇಸಿಗೆ ಕಾಲಿಟ್ಟ ಕೂಡಲೇ ಒಂದೇ ಬಗೆಯ ದೂರುಗಳು ಬರತೊಡಗುತ್ತವೆ. ಮಡಕೆಯಲ್ಲಿಟ್ಟ ನೀರಿಗೂ ಸ್ಟೀಲ್ ಪಾತ್ರೆಯ ನೀರಿಗೂ ವ್ಯತ್ಯಾಸವೇ ಕಾಣಲಿಲ್ಲ ಎನ್ನುವವರು ಕೆಲವರು. ಮನೆಯಲ್ಲಿ ಚೆನ್ನಾಗಿ ಬಂದದ್ದು ಶಾಲೆಯ ವಿಜ್ಞಾನ ಮೇಳದಲ್ಲಿ ಕೈಕೊಟ್ಟಿತು ಎನ್ನುವವರು ಇನ್ನು ಕೆಲವರು. ಕರಾವಳಿಯವರಿಗಂತೂ ನಮ್ಮೂರಲ್ಲಿ ಇದು ಆಗುವುದೇ ಇಲ್ಲವೇನೋ ಎಂಬ ಬೇಸರ.

ಪ್ರಯೋಗ ಸುಲಭದ್ದೇ. ಅದು ಕೆಡುವುದು ಕ್ರಮ ತಪ್ಪಿದ್ದರಿಂದ. ಹೆಚ್ಚಿನವರು ನೇರವಾಗಿ ಮಡಕೆಗೆ ಕೈಹಾಕುತ್ತಾರೆ, ಫಲ ಸಿಗದಿದ್ದರೆ ಮಡಕೆಯನ್ನೇ ದೂರುತ್ತಾರೆ. ಮೊದಲು ಅಳೆಯಬೇಕಾದದ್ದು ಗಾಳಿಯನ್ನು. ಆ ದಿನ, ಆ ಜಾಗದಲ್ಲಿ ಗಾಳಿ ಎಷ್ಟು ತಂಪಾಗಲು ಬಿಡುತ್ತದೆ ಎಂಬ ಅಂಕಿ ಕೈಯಲ್ಲಿದ್ದರೆ, ಮಡಕೆ ತನ್ನ ಕೆಲಸ ಮಾಡಿದೆಯೋ ಇಲ್ಲವೋ ಹೇಳಬಹುದು. ಇಲ್ಲದಿದ್ದರೆ ಬರೀ ಊಹೆ. ಹಾಗಾಗಿ ಇಲ್ಲಿ ಗಾಳಿ ಮೊದಲು, ಮಡಕೆ ಆಮೇಲೆ.

## ಶುರು ಮಾಡುವ ಮುನ್ನ ತಿಳಿದಿರಬೇಕಾದ್ದು

ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡಾಡುವುದಿಲ್ಲ. ಮೇಲ್ಮೈಯಲ್ಲಿ ಹೆಚ್ಚು ವೇಗದಲ್ಲಿರುವವು ಹಾರಿಹೋಗುತ್ತವೆ, ನಿಧಾನದವು ಉಳಿಯುತ್ತವೆ. ಉಳಿದ ನೀರಿನ ಸರಾಸರಿ ಶಕ್ತಿ ಕಡಿಮೆಯಾಗುವುದರಿಂದ ಅದರ ಉಷ್ಣತೆ ಇಳಿಯುತ್ತದೆ. ನಮ್ಮ ಬೇಸಿಗೆಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಪಠ್ಯಪುಸ್ತಕಗಳು ಇದನ್ನು ಆವೀಕರಣದ ಗುಪ್ತೋಷ್ಣ ಎನ್ನುತ್ತವೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಇಳಿಸಲು ಒಂದೇ ಕ್ಯಾಲೊರಿ ತೆಗೆದರೆ ಸಾಕು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಸ್ವಲ್ಪವೇ ನೀರು ಹಾರಿದರೂ ಉಳಿದದ್ದು ಚೆನ್ನಾಗಿ ತಣಿಯುವುದು ಇದರಿಂದಲೇ.

ಆದರೆ ಗಾಳಿಯಲ್ಲಿ ಈಗಾಗಲೇ ತೇವ ತುಂಬಿದ್ದರೆ, ಹಾರಿದ ಅಣುಗಳಷ್ಟೇ ಮರಳಿ ಬರುತ್ತಿರುತ್ತವೆ, ತಂಪು ಅಲ್ಲಿಗೇ ನಿಲ್ಲುತ್ತದೆ. ಇಡೀ ಪ್ರಯೋಗ ನಿಂತಿರುವುದು ಈ ಎರಡು ಮಾತಿನ ಮೇಲೆ.

## ಬೇಕಾಗುವ ಸಾಮಾನು

ಎರಡು ಥರ್ಮಾಮೀಟರ್, ಎರಡೂ ಒಂದೇ ಬಗೆಯವು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕೆಂಪು ದ್ರವದ ಗಾಜಿನ ಥರ್ಮಾಮೀಟರ್ ಸಾಕು. ಅಕ್ವೇರಿಯಂಗೆ ಹಾಕುವ, ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಕೂಡ ಒಳ್ಳೆಯದೇ. ಅದರ ಡಬ್ಬಿಗೆ ಮಾತ್ರ ನೀರು ತಾಗಬಾರದು.

ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ. ಅದು ದೇಹದ ಉಷ್ಣತೆಯ ಆಸುಪಾಸನ್ನು ಮಾತ್ರ ಅಳೆಯುತ್ತದೆ, ಏರಿದ ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಣೆಗೆ ಹಿಡಿಯುವ ಗನ್ ಕೂಡ ಬೇಡ. ಹೊಳೆಯುವ ಸ್ಟೀಲಿನ ಮೇಲೆ ಅದು ತಪ್ಪು ಅಂಕಿ ಕೊಡುತ್ತದೆ. ಪಾದರಸದ ಹಳೆಯ ಥರ್ಮಾಮೀಟರ್ ಮನೆಯಲ್ಲಿದ್ದರೂ ಮಕ್ಕಳ ಕೈಗೆ ಕೊಡಬೇಡಿ. ಒಡೆದರೆ ಪಾದರಸದ ಆವಿ ವಿಷ.

ಸುಮಾರು ಒಂದು ಲೀಟರ್ ಹಿಡಿಯುವ ಎರಡು ಮಣ್ಣಿನ ಮಡಕೆಗಳು, ಒಂದೇ ಅಳತೆಯವು, ಬಣ್ಣ ಬಳಿಯದವು. ಸಂತೆಯಲ್ಲಿ ಕುಂಬಾರರಿಂದ ಕೊಳ್ಳುವುದಾದರೆ, ನೀರಿಡಲು ಬೇಕು, ಪಾಲಿಶ್ ಇಲ್ಲದ್ದು ಕೊಡಿ ಎಂದು ಕೇಳಿ. ಅದೇ ಅಳತೆಯ ಒಂದು ಸ್ಟೀಲ್ ಪಾತ್ರೆ. ಮೂರಕ್ಕೂ ಮುಚ್ಚಲು ಒಂದೇ ಥರದ ತಟ್ಟೆಗಳು. ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಹಳೆಯ ಹತ್ತಿ ಬಟ್ಟೆಯ ತುಂಡು, ಹತ್ತಿ ದಾರ, ಸಣ್ಣ ಲೋಟ, ಟೇಬಲ್ ಫ್ಯಾನ್, ದೊಡ್ಡ ಬಕೆಟ್, ಒಂದು ದಪ್ಪ ಪ್ಲಾಸ್ಟಿಕ್ ಕವರ್, ಗಡಿಯಾರ, ನೋಟ್‌ಪುಸ್ತಕ.

ತಕ್ಕಡಿ ಇಲ್ಲದಿದ್ದರೂ ಪ್ರಯೋಗ ನಡೆಯುತ್ತದೆ. ಆದರೂ ಅಕ್ಕಪಕ್ಕದವರಿಂದಾದರೂ ತಂದುಕೊಳ್ಳಿ ಎನ್ನುತ್ತೇನೆ. ನೀರು ಎಲ್ಲಿ ಹೋಯಿತು ಎಂಬುದನ್ನು ಕಣ್ಣಿಗೆ ತೋರಿಸುವ ಸಾಧನ ಅದೊಂದೇ.

## ಹಂತ 1: ದಿನ, ಹೊತ್ತು, ಜಾಗ

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಮೋಡವಿಲ್ಲದ ದಿನ, ಮಧ್ಯಾಹ್ನ 12ರಿಂದ 4 ಗಂಟೆ. ದಿನದಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಶೇಕಡಾ ಎಷ್ಟು ಈಗಾಗಲೇ ಇದೆ ಎಂಬ ಅಂಕಿ) ತೀರಾ ಕಡಿಮೆ ಇರುವುದು ಈ ಹೊತ್ತಿನಲ್ಲೇ. ಬೆಳಿಗ್ಗೆ 7ಕ್ಕೆ ಮಾಡಿ ಫಲ ಸಿಗಲಿಲ್ಲ ಎಂದು ಬರೆಯುವವರಿದ್ದಾರೆ. ಆ ಹೊತ್ತಿಗೆ ರಾತ್ರಿಯ ತೇವ ಇನ್ನೂ ಇಳಿದಿರುವುದಿಲ್ಲ.

ಜಾಗ ನೆರಳಿನದಾಗಿರಬೇಕು, ಗಾಳಿಯಾಡುತ್ತಿರಬೇಕು. ಜಗುಲಿ, ಕಿಟಕಿ ಪಕ್ಕದ ಮೇಜು, ಬಾಲ್ಕನಿಯ ನೆರಳಿನ ಮೂಲೆ, ಯಾವುದಾದರೂ ಸರಿ. ಬಿಸಿಲಿಗಿಟ್ಟರೆ ಬೇಗ ಆವಿಯಾಗಿ ಬೇಗ ತಣ್ಣಗಾಗಬಹುದು ಎಂಬ ಯೋಚನೆ ಬಹಳ ಮಕ್ಕಳಿಗೆ ಬರುತ್ತದೆ. ಆವಿಯಾಗುವುದೇನೋ ಬೇಗವೇ, ಆದರೆ ಬಿಸಿಲು ಸುರಿಯುವ ಶಾಖ ಅದನ್ನು ಮೀರಿಸುತ್ತದೆ. ಒಲೆಯ ಹತ್ತಿರ, ಫ್ರಿಜ್ಜಿನ ಹಿಂದೆ, ಬಿಸಿಲು ಬೀಳುವ ಗೋಡೆಗೆ ಒತ್ತಿ ಇಡುವುದೂ ಬೇಡ.

ಬಾಗಿಲು ಕಿಟಕಿ ಎಲ್ಲ ಮುಚ್ಚಿದ ಸಣ್ಣ ಕೋಣೆ ಇನ್ನೊಂದು ತಪ್ಪು. ಕಲಬುರಗಿ, ರಾಯಚೂರಿನ ಕಡೆ ಕೂಲರ್ ಬಳಸುವವರಿಗೆ ಇದು ಚೆನ್ನಾಗಿ ಗೊತ್ತು. ಕೂಲರನ್ನು ಕಿಟಕಿಗೆ ಹಚ್ಚಿ, ಎದುರಿನ ಕಿಟಕಿ ತೆರೆದಿಟ್ಟರೆ ತಂಪು. ಎಲ್ಲವನ್ನೂ ಮುಚ್ಚಿಕೊಂಡರೆ ತೇವ ಹೊರಹೋಗದೆ ಸ್ವಲ್ಪ ಹೊತ್ತಿಗೆಲ್ಲ ಒಳಗೆ ಬರೀ ಸೆಕೆ.

## ಹಂತ 2: ಹಿಂದಿನ ಸಂಜೆಯೇ ಮಡಕೆ ನೆನೆಹಾಕಿ

ಈ ಹಂತ ಬಿಟ್ಟವರ ಪ್ರಯೋಗ ಹೆಚ್ಚಾಗಿ ಇಲ್ಲಿಯೇ ಕೆಟ್ಟಿರುತ್ತದೆ.

ಹೊಸ ಮಡಕೆಯನ್ನು ಬರಿ ನೀರಿನಲ್ಲಿ ತೊಳೆದು, ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ. ಮುಳುಗಿಸಿದೊಡನೆ ಗೋಡೆಯಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ, ಕಿವಿಗೊಟ್ಟರೆ ಚಿರ್ ಎಂಬ ಸದ್ದೂ ಕೇಳುತ್ತದೆ. ಮಣ್ಣಿನ ರಂಧ್ರಗಳೊಳಗಿನ ಗಾಳಿ ಹೊರಬಿದ್ದು ನೀರು ಒಳಹೋಗುತ್ತಿದೆ ಎಂದು ಅದರ ಅರ್ಥ. ಗುಳ್ಳೆಯೇ ಏಳದಿದ್ದರೆ ಅನುಮಾನಪಡಿ: ಮಡಕೆಗೆ ವಾರ್ನಿಶ್ ಬಳಿದಿರಬಹುದು, ಮೆರುಗಿನ ಲೇಪ ಇರಬಹುದು, ಎಣ್ಣೆ ಹೀರಿರಬಹುದು. ಸಾರು ಮಾಡಿದ, ಮೊಸರು ಹೆಪ್ಪು ಹಾಕಿದ ಹಳೆಯ ಮಡಕೆಗಳ ರಂಧ್ರ ಜಿಡ್ಡಿನಿಂದ ಮುಚ್ಚಿಹೋಗಿರುತ್ತದೆ. ಅವು ಅಡುಗೆಗೆ ಚೆನ್ನ, ಈ ಕೆಲಸಕ್ಕೆ ಆಗವು.

ಮಡಕೆಗೆ ಬರೀ ಒಳಗೆ ನೀರು ತುಂಬಿ ರಾತ್ರಿಯಿಡೀ ಹೊರಗಿಡಬೇಡಿ. ಹಾಗೆ ಮಾಡಿದರೆ ಬೆಳಗಾಗುವಷ್ಟರಲ್ಲಿ ಅದು ತಣ್ಣಗಾಗಿಬಿಟ್ಟಿರುತ್ತದೆ, ಸ್ಟೀಲ್ ಪಾತ್ರೆಯೊಡನೆ ಹೋಲಿಸಲು ಒಂದೇ ಆರಂಭ ಸಿಗುವುದಿಲ್ಲ. ಮುಳುಗಿಸಿಟ್ಟರೆ ಗೋಡೆ ನೆನೆಯುತ್ತದೆ, ಆದರೆ ಅಲ್ಲಿ ಆವಿಯಾಗಲು ಅವಕಾಶವಿಲ್ಲ. ಎರಡು ಮಡಕೆಗಳನ್ನೂ ಹೀಗೆಯೇ ನೆನೆಸಿ, ಸ್ಟೀಲ್ ಪಾತ್ರೆಯನ್ನೂ ಪಕ್ಕದಲ್ಲೇ ಇಡಿ, ಬಕೆಟ್‌ಗೆ ಮುಚ್ಚಳ ಹಾಕಿ.

ಇನ್ನೊಂದು ಬಕೆಟ್ ಅಥವಾ ಕೊಡದಲ್ಲಿ ಮೂರೂವರೆ ಲೀಟರ್ ನೀರನ್ನು ಮುಚ್ಚಿಡಿ. ನಾಳೆ ಮೂರು ಪಾತ್ರೆಗಳಿಗೂ ಹಾಕುವುದು ಇದನ್ನೇ. ಬೇಸಿಗೆ ಮಧ್ಯಾಹ್ನ ಮೇಲಿನ ಟ್ಯಾಂಕಿನಿಂದ ಬರುವ ನೀರು ಬಿಸಿ, ಸಂಪಿನದು ತಂಪು. ಒಂದಕ್ಕೆ ಅದು, ಇನ್ನೊಂದಕ್ಕೆ ಇದು ಹಾಕಿದರೆ ಅಂಕಿಗಳಿಗೆ ಬೆಲೆಯೇ ಇರುವುದಿಲ್ಲ.

## ಹಂತ 3: ಥರ್ಮಾಮೀಟರುಗಳನ್ನು ತಾಳೆ ನೋಡಿ

ಎರಡನ್ನೂ ಒಂದೇ ಲೋಟ ನೀರಿನಲ್ಲಿ ಐದು ನಿಮಿಷ ಇಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ. ಒಂದು 29, ಇನ್ನೊಂದು 30 ತೋರಿಸಿದರೆ ಗಾಬರಿ ಬೇಡ. ಅಗ್ಗದ ಥರ್ಮಾಮೀಟರುಗಳಲ್ಲಿ ಒಂದು ಡಿಗ್ರಿ ಹೆಚ್ಚುಕಮ್ಮಿ ಇರುತ್ತದೆ. ಎರಡಕ್ಕೂ ‘ಅ’, ‘ಆ’ ಎಂದು ಚೀಟಿ ಅಂಟಿಸಿ, ವ್ಯತ್ಯಾಸವನ್ನು ಪುಸ್ತಕದ ಮೊದಲ ಸಾಲಿನಲ್ಲೇ ಬರೆದು, ಹೆಚ್ಚು ತೋರಿಸುವುದರ ಮುಂದಿನ ಪ್ರತಿ ಓದಿನಿಂದಲೂ ಅದನ್ನು ಕಳೆಯಿರಿ. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆ ತನ್ನಿ.

## ಹಂತ 4: ಒಣ ಥರ್ಮಾಮೀಟರಿಗೆ ಫ್ಯಾನ್ ಹಿಡಿಯಿರಿ

ಎರಡು ಥರ್ಮಾಮೀಟರುಗಳನ್ನೂ ಒರೆಸಿ ಒಣಗಿಸಿ, ಕುರ್ಚಿಯ ಬೆನ್ನಿಗೋ ಹ್ಯಾಂಗರಿಗೋ ದಾರದಲ್ಲಿ ತೂಗುಹಾಕಿ. ಬಲ್ಬು, ಅಂದರೆ ಥರ್ಮಾಮೀಟರಿನ ತುದಿಯಲ್ಲಿ ದ್ರವ ತುಂಬಿದ ಗುಂಡು (ಡಿಜಿಟಲ್ ಆದರೆ ಸೆನ್ಸರ್), ಯಾವುದಕ್ಕೂ ತಾಗಬಾರದು. ಅಂಕಿ ಬರೆದುಕೊಳ್ಳಿ. ಫ್ಯಾನ್ ಹಾಕಿದರೆ ಎಷ್ಟು ಡಿಗ್ರಿ ಇಳಿಯಬಹುದು ಎಂದು ಮಕ್ಕಳನ್ನು ಕೇಳಿ, ಅವರು ಹೇಳಿದ್ದನ್ನೂ ಬರೆಸಿ. ಆಮೇಲೆ ಐದು ನಿಮಿಷ ಫ್ಯಾನ್ ಹಾಕಿ.

ಅಂಕಿ ಇಳಿಯುವುದಿಲ್ಲ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಸರಿಸುತ್ತದೆ ಅಷ್ಟೇ. ನಮಗೆ ತಂಪೆನಿಸುವುದು ಮೈಮೇಲಿನ ಬೆವರು ಬೇಗ ಆರುವುದರಿಂದ. ಈ ಹಂತ ತಮಾಷೆಗೆಂದು ಸೇರಿಸಿದ್ದಲ್ಲ. ಮುಂದಿನ ಹಂತದಲ್ಲಿ ಅಂಕಿ ಇಳಿದಾಗ ಅದು ಫ್ಯಾನಿನಿಂದಲ್ಲ, ನೀರಿನಿಂದ ಎಂದು ಎದೆತಟ್ಟಿ ಹೇಳಲು ಬೇಕಾದ ಸಾಕ್ಷಿ ಇದೇ.

## ಹಂತ 5: ಒದ್ದೆ ಬಟ್ಟೆಯಿಂದ ಗಾಳಿಯ ಮಿತಿ ಅಳೆಯಿರಿ

ಹಳೆಯ ಬನಿಯನ್, ಪಾಣಿಪಂಚೆ, ಕರಾವಳಿಯವರಾದರೆ ಸವೆದ ಬೈರಾಸು, ಹೀಗೆ ಹತ್ತಿಯದ್ದೇ ಬಟ್ಟೆ ಬೇಕು. ಹೊಸ ಬಟ್ಟೆಯಾದರೆ ಬಿಸಿನೀರಿನಲ್ಲಿ ತೊಳೆದು ಗಂಜಿ ತೆಗೆಯಿರಿ, ಇಲ್ಲವಾದರೆ ಅದು ನೀರನ್ನು ಹೀರುವುದಿಲ್ಲ. ಪಾಲಿಯೆಸ್ಟರ್ ಬೇಡ.

‘ಆ’ ಥರ್ಮಾಮೀಟರಿನ ಬಲ್ಬಿಗೆ ಒಂದೇ ಸುತ್ತು ಬಟ್ಟೆ ಸುತ್ತಿ, ಬಲ್ಬಿನಿಂದ ಎರಡು ಸೆಂಟಿಮೀಟರ್ ಮೇಲಿನವರೆಗೂ ಬರುವಂತೆ ಮಾಡಿ, ದಾರದಿಂದ ಕಟ್ಟಿ. ಬಟ್ಟೆಯ ಬಾಲ ಕೆಳಗಿನ ಲೋಟದ ನೀರಿನಲ್ಲಿ ಮುಳುಗಿರಲಿ. ಬಲ್ಬು ಮಾತ್ರ ನೀರಿನಿಂದ ಮೂರು ನಾಲ್ಕು ಸೆಂಟಿಮೀಟರ್ ಮೇಲೆ, ಗಾಳಿಯಲ್ಲೇ ಇರಬೇಕು. ಬಲ್ಬನ್ನೇ ಲೋಟದಲ್ಲಿ ಅದ್ದಿಬಿಟ್ಟರೆ ನೀವು ಅಳೆಯುವುದು ಲೋಟದ ನೀರನ್ನು. ಲೋಟಕ್ಕೆ ಹಾಕುವುದೂ ಕೊಡದಲ್ಲಿಟ್ಟ ಮನೆಯ ಉಷ್ಣತೆಯ ನೀರನ್ನೇ. ಫ್ರಿಜ್ಜಿನ ನೀರು ಹಾಕಿದರೆ ಅಂಕಿ ಇಳಿಯುತ್ತದೆ, ಆದರೆ ಅದು ಮೋಸದ ಇಳಿತ.

ಬಟ್ಟೆ ಪೂರ್ತಿ ನೆನೆದಿದೆ ಎಂದು ಖಚಿತವಾದ ಮೇಲೆ ಫ್ಯಾನ್ ಹಾಕಿ, ಎರಡು ಥರ್ಮಾಮೀಟರಿಗೂ ಗಾಳಿ ಸಮನಾಗಿ ಬೀಳಲಿ. ನಿಮಿಷಕ್ಕೊಮ್ಮೆ ಓದಿ. ಮೊದಲ ಎರಡು ಮೂರು ನಿಮಿಷ ಅಂಕಿ ಸರಸರನೆ ಇಳಿಯುತ್ತದೆ, ಮತ್ತೆ ನಿಧಾನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಸತತ ಮೂರು ಓದು ಒಂದೇ ಬಂದರೆ ಅದನ್ನು ಬರೆದುಕೊಳ್ಳಿ. ಓದುವಾಗ ಮುಖವನ್ನು ತೀರಾ ಹತ್ತಿರ ತರಬೇಡಿ, ನಿಮ್ಮ ಉಸಿರಿನ ತೇವ ಬಿಸಿಯೂ ಹೌದು, ಒದ್ದೆಯೂ ಹೌದು.

ನಿಂತ ಅಂಕಿ ಮತ್ತೆ ಏರತೊಡಗಿದರೆ ಬಟ್ಟೆ ಆರುತ್ತಿದೆ ಎಂದರ್ಥ. ನೀರು ಮುಟ್ಟಿಸಿ ಮತ್ತೆ ಕಾಯಿರಿ.

ಈ ಅಂಕಿಗೆ ಆರ್ದ್ರ ಬಲ್ಬ್ ಉಷ್ಣತೆ ಎಂದು ಹೆಸರು. ಆವಿಯಾಗುವುದೊಂದರಿಂದಲೇ ಏನನ್ನೇ ತಣಿಸಿದರೂ ಇದಕ್ಕಿಂತ ಕೆಳಗೆ ಹೋಗಲಾರದು. ಮಡಕೆಗೂ ಇದೇ ಗಡಿ, ಕೂಲರಿಗೂ ಇದೇ, ನಮ್ಮ ಮೈಗೂ ಇದೇ. ಗಾಳಿಯ ಆರ್ದ್ರತೆಗೆ ತಕ್ಕಂತೆ ಎಷ್ಟು ನಿರೀಕ್ಷಿಸಬಹುದು ಎಂಬ ಅಂದಾಜು ಹೀಗಿದೆ.

ಬಯಲುಸೀಮೆಯ ಬಿರುಬೇಸಿಗೆಯಂತೆ ಗಾಳಿ 38 ಡಿಗ್ರಿ, ಆರ್ದ್ರತೆ ಶೇ 20 ಇದ್ದರೆ ಒದ್ದೆ ಬಲ್ಬು 21ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಒಣ ಮಧ್ಯಾಹ್ನದಂತೆ 33 ಡಿಗ್ರಿ, ಶೇ 35 ಇದ್ದರೆ 22ರ ಹತ್ತಿರ. ಮಂಗಳೂರು, ಕಾರವಾರದ ಬೇಸಿಗೆಯಂತೆ 32 ಡಿಗ್ರಿ, ಶೇ 70 ಇದ್ದರೆ 27, 28ಕ್ಕೇ ನಿಂತುಬಿಡುತ್ತದೆ. ಕರಾವಳಿಯವರ ಪ್ರಯೋಗ ಕೆಟ್ಟಿದ್ದಲ್ಲ. ಅಲ್ಲಿನ ಗಾಳಿ ಬಿಟ್ಟುಕೊಡುವುದೇ ನಾಲ್ಕೈದು ಡಿಗ್ರಿ, ಅದು ಸರಿಯಾದ ಉತ್ತರವೇ. ಮಳೆ ಹಿಡಿದ ದಿನಗಳಲ್ಲಂತೂ ಒಂದೆರಡು ಡಿಗ್ರಿ ಸಿಕ್ಕರೆ ಹೆಚ್ಚು.

ಎರಡು ಥರ್ಮಾಮೀಟರುಗಳ ವ್ಯತ್ಯಾಸದಿಂದ ಆರ್ದ್ರತೆಯನ್ನು ತಿರುಗಿ ಕಂಡುಹಿಡಿಯಲೂಬಹುದು. ಒಣ ಥರ್ಮಾಮೀಟರ್ 30 ಡಿಗ್ರಿ ತೋರಿಸುತ್ತಿರುವಾಗ:

- ವ್ಯತ್ಯಾಸ 2 ಡಿಗ್ರಿ ಇದ್ದರೆ ಆರ್ದ್ರತೆ ಸುಮಾರು ಶೇ 86
- 4 ಡಿಗ್ರಿ ಇದ್ದರೆ ಶೇ 73
- 6 ಡಿಗ್ರಿ ಇದ್ದರೆ ಶೇ 61
- 8 ಡಿಗ್ರಿ ಇದ್ದರೆ ಶೇ 50
- 10 ಡಿಗ್ರಿ ಇದ್ದರೆ ಶೇ 39
- 12 ಡಿಗ್ರಿ ಇದ್ದರೆ ಶೇ 30

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಮನುಷ್ಯನ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಆರ್ದ್ರ ಬಲ್ಬ್ ಉಷ್ಣತೆ 35 ಮುಟ್ಟಿದರೆ ಎಷ್ಟೇ ಬೆವರಿದರೂ ಮೈ ತಣಿಯದು. ದುಡಿಯುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಅದಕ್ಕಿಂತ ಬಹಳ ಮುಂಚೆಯೇ ಅಪಾಯ ಶುರುವಾಗುತ್ತದೆ. ನಿಮ್ಮ ಅಂಕಿ 28 ದಾಟಿದ್ದರೆ ಆ ಮಧ್ಯಾಹ್ನ ಮಕ್ಕಳನ್ನು ಆಟಕ್ಕೆ ಬಿಡಬೇಡಿ, ನೀರು ಕುಡಿಸುತ್ತಿರಿ.

## ಹಂತ 6: ಮೂರು ಪಾತ್ರೆಗಳನ್ನು ಅಣಿಗೊಳಿಸಿ

ಗಾಳಿಯ ಮಿತಿ ಗೊತ್ತಾಯಿತು. ಈಗ ಮಡಕೆಗೆ ಬನ್ನಿ.

ನೆನೆದ ಮಡಕೆಗಳನ್ನು ಬಕೆಟ್‌ನಿಂದ ತೆಗೆದು ನೀರು ಚೆಲ್ಲಿ, ಹೊರಮೈಯಲ್ಲಿ ತೊಟ್ಟಿಕ್ಕುವ ನೀರನ್ನು ಮಾತ್ರ ಒರೆಸಿ. ಒಂದು ಮಡಕೆಯನ್ನು ಹಾಗೆಯೇ ಬಿಡಿ. ಇನ್ನೊಂದನ್ನು ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿ, ಕವರನ್ನು ಹೊರಮೈಗೆ ಅಂಟಿಕೊಳ್ಳುವಂತೆ ಎಳೆದು, ಕತ್ತಿನ ಹತ್ತಿರ ದಾರದಿಂದ ಬಿಗಿಯಿರಿ. ಮೂರನೆಯದು ಸ್ಟೀಲ್ ಪಾತ್ರೆ.

ಪ್ಲಾಸ್ಟಿಕ್ ಸುತ್ತಿದ ಮಡಕೆ ಯಾಕೆ? ಮಣ್ಣಿನ ಗುಣವೇ ತಂಪು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸ್ಟೀಲಿಗೂ ಮಡಕೆಗೂ ಮಾತ್ರ ಹೋಲಿಸಿದರೆ ಆ ನಂಬಿಕೆಗೂ ಆವಿಯ ವಿವರಣೆಗೂ ಒಂದೇ ಫಲ ಬರುತ್ತದೆ, ಯಾವುದು ಸರಿ ಎಂದು ಹೇಳಲಾಗದು. ಅದೇ ಮಣ್ಣು, ಅದೇ ನೀರು, ಆವಿಯ ದಾರಿಯನ್ನು ಮಾತ್ರ ಮುಚ್ಚಿದ ಮಡಕೆ ಪಕ್ಕದಲ್ಲಿದ್ದರೆ ಉತ್ತರ ತಾನಾಗಿ ಬರುತ್ತದೆ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ.

ಕೊಡದ ನೀರನ್ನು ಒಮ್ಮೆ ಕಲಕಿ, ಉಷ್ಣತೆ ನೋಡಿ, ಮೂರಕ್ಕೂ ಸಮನಾಗಿ ತುಂಬಿ. ಪ್ರತಿಯೊಂದನ್ನೂ ಮುಚ್ಚಳವಿಲ್ಲದೆ ತೂಗಿ ಬರೆದುಕೊಳ್ಳಿ. ನಂತರ ಮೂರಕ್ಕೂ ತಟ್ಟೆ ಮುಚ್ಚಿ. ಮೇಲಿನ ಬಾಯಿಯಿಂದಲೂ ಆವಿ ಹೋಗುತ್ತದೆ, ಅದನ್ನು ಮೂರರಲ್ಲೂ ತಡೆದರೆ ಉಳಿಯುವುದು ಗೋಡೆಯ ವ್ಯತ್ಯಾಸ ಮಾತ್ರ.

ಮಡಕೆಯ ತಳಕ್ಕೂ ಗಾಳಿಯಾಡಬೇಕು. ಇಟ್ಟಿಗೆಯ ಮೂರು ಚೂರುಗಳ ಮೇಲೆ ಕೂರಿಸಿ, ಕೆಳಗೆ ಒಣ ತಟ್ಟೆ ಇಡಿ. ಪಾತ್ರೆಗಳ ನಡುವೆ ಒಂದಡಿ ಅಂತರವಿರಲಿ.

## ಹಂತ 7: ಓದು ಮತ್ತು ತೂಕ

ಅರ್ಧ ಗಂಟೆಗೊಮ್ಮೆ, ಮೂರು ಗಂಟೆ. ತಟ್ಟೆ ಸರಿಸಿ, ನೀರನ್ನು ಚಮಚದಿಂದ ಮೆಲ್ಲಗೆ ಕಲಕಿ, ಥರ್ಮಾಮೀಟರನ್ನು ನೀರಿನ ನಡುಮಟ್ಟದಲ್ಲಿ ಒಂದು ನಿಮಿಷ ಹಿಡಿದು ಓದಿ. ಮಡಕೆಯ ಗೋಡೆಯ ಪಕ್ಕದ ನೀರು ಮೊದಲು ತಣ್ಣಗಾಗುತ್ತದೆ, ತಂಪು ನೀರು ತಳಕ್ಕಿಳಿಯುತ್ತದೆ. ಕಲಕದೆ ಓದಿದರೆ ಮೇಲೊಂದು, ಕೆಳಗೊಂದು ಅಂಕಿ. ಪ್ರತಿ ಸಲವೂ ಕೋಣೆಯ ಒಣ ಉಷ್ಣತೆಯನ್ನೂ ಬರೆಯಿರಿ. ಥರ್ಮಾಮೀಟರನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವಾಗ ಒರೆಸಿ.

ಕೈಯಿಂದ ಮುಟ್ಟಿ ತೀರ್ಮಾನಿಸಬೇಡಿ. ಒಂದೇ ಉಷ್ಣತೆಯ ಸ್ಟೀಲನ್ನೂ ಮಡಕೆಯನ್ನೂ ಮುಟ್ಟಿದರೆ ಸ್ಟೀಲೇ ತಣ್ಣಗೆನಿಸುತ್ತದೆ, ಅದು ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ.

ಮೂರು ಗಂಟೆಯ ಕೊನೆಗೆ ಮತ್ತೆ ಮುಚ್ಚಳವಿಲ್ಲದೆ ತೂಗಿ. ಬಿಚ್ಚಿದ (ಪ್ಲಾಸ್ಟಿಕ್ ಸುತ್ತದ) ಮಡಕೆಯ ಕೆಳಗಿನ ತಟ್ಟೆಯಲ್ಲಿ ಹನಿ ಬಿದ್ದಿದ್ದರೆ ಆ ನೀರನ್ನೂ ತೂಗಿ, ಕಡಿಮೆಯಾದ ತೂಕದಿಂದ ಕಳೆಯಿರಿ. ತೊಟ್ಟಿಕ್ಕಿದ ನೀರು ಆವಿಯಾದದ್ದಲ್ಲ, ಅದು ತಂಪನ್ನೂ ಕೊಟ್ಟಿಲ್ಲ.

ಸ್ಟೀಲ್ ಮತ್ತು ಸುತ್ತಿದ ಮಡಕೆ ಎರಡೂ ಕೋಣೆಯ ಉಷ್ಣತೆಯ ಕಡೆಗೆ ಸಾಗುತ್ತವೆ, ತೂಕದಲ್ಲಿ ಅಷ್ಟೇನೂ ಬದಲಾವಣೆ ಇರುವುದಿಲ್ಲ. ಬಿಚ್ಚಿದ ಮಡಕೆ ಕೆಳಗಿಳಿಯುತ್ತದೆ, ಹಗುರವೂ ಆಗುತ್ತದೆ. ಅದು ಒದ್ದೆ ಬಲ್ಬಿನ ಅಂಕಿಯನ್ನು ಮುಟ್ಟುವುದಿಲ್ಲ, ಒಂದೆರಡು ಡಿಗ್ರಿ ಮೇಲೆ ನಿಲ್ಲುತ್ತದೆ. ಗಾಳಿ ಮಂದವಾಗಿದ್ದರೆ ಮೂರು ನಾಲ್ಕು ಡಿಗ್ರಿ ಮೇಲೆ. ಸುತ್ತಲಿನ ಗೋಡೆ, ಗಾಳಿ ಎಲ್ಲವೂ ಅದಕ್ಕೆ ಶಾಖ ಕೊಡುತ್ತಲೇ ಇರುತ್ತವೆ.

## ಹಂತ 8: ಲೆಕ್ಕ ಹಾಕಿ

ಎಂಟು, ಒಂಬತ್ತನೇ ತರಗತಿಯವರು ಈ ಹಂತ ಬಿಡಬಾರದು.

ಒಂದು ಲೀಟರ್ ಎಂದರೆ 1000 ಗ್ರಾಂ ನೀರು. ಅದು 30ರಿಂದ 24ಕ್ಕೆ ಇಳಿದಿದ್ದರೆ ಕಳೆದುಕೊಂಡ ಶಾಖ 1000 × 6, ಅಂದರೆ 6000 ಕ್ಯಾಲೊರಿ. ಗ್ರಾಮಿಗೆ 580ರಂತೆ ಭಾಗಿಸಿದರೆ ಸುಮಾರು 10 ಗ್ರಾಂ ನೀರು ಆವಿಯಾಗಿರಬೇಕು. ತಕ್ಕಡಿ ಮಾತ್ರ ಅದಕ್ಕಿಂತ ಸಾಕಷ್ಟು ಹೆಚ್ಚು ತೋರಿಸುತ್ತದೆ. ಇಲ್ಲಿಗೆ ಬಂದವರು ಲೆಕ್ಕ ತಪ್ಪಿತೆಂದು ಅಂಕಿಯನ್ನು ತಿದ್ದಿಬಿಡುತ್ತಾರೆ. ದಯವಿಟ್ಟು ತಿದ್ದಬೇಡಿ. ಆ ಹೆಚ್ಚುವರಿ ನೀರಿನಲ್ಲೇ ಪ್ರಯೋಗದ ಒಳ್ಳೆಯ ಪಾಠವಿದೆ.

ಮಡಕೆಯ ಮಣ್ಣನ್ನೂ ತಣಿಸಬೇಕು, ಅದಕ್ಕೆ ಸ್ವಲ್ಪ ಹೋಯಿತು. ಉಳಿದದ್ದು ಕಾವಲಿನ ಖರ್ಚು. ನೀರು ಕೋಣೆಗಿಂತ ತಣ್ಣಗಾದ ಗಳಿಗೆಯಿಂದ ಕೋಣೆಯ ಶಾಖ ಒಳನುಗ್ಗುತ್ತಿರುತ್ತದೆ, ಅದನ್ನು ಹೊರಹಾಕುತ್ತಲೇ ಇರಬೇಕು. ಉಷ್ಣತೆ ನಿಂತ ಮೇಲೂ ತೂಕ ಇಳಿಯುತ್ತಲೇ ಇರುವುದನ್ನು ನೀವೇ ನೋಡಬಹುದು. ಮಡಕೆಗೆ ದಿನವೂ ನೀರು ತುಂಬಬೇಕಾಗುವುದು ಇದಕ್ಕೇ.

ಗ್ರಾಫ್ ಹಾಳೆಯಲ್ಲಿ ಮೂರು ಪಾತ್ರೆಗಳಿಗೆ ಮೂರು ಗೆರೆ ಎಳೆಯಿರಿ, ಒದ್ದೆ ಬಲ್ಬಿನ ಅಂಕಿಗೆ ಒಂದು ಅಡ್ಡಗೆರೆ. ಬಿಚ್ಚಿದ ಮಡಕೆಯ ಗೆರೆ ಆ ಅಡ್ಡಗೆರೆಯತ್ತ ಬಾಗಿ, ಅದನ್ನು ದಾಟದೆ ನಿಲ್ಲಬೇಕು.

## ಎಡವಟ್ಟಾಗಿದೆ ಎಂದು ತಿಳಿಸುವ ಗುರುತುಗಳು

ಮಡಕೆಯ ಹೊರಮೈ ಒಣಗಿ ತಿಳಿಬಣ್ಣಕ್ಕೆ ತಿರುಗಿದೆ: ನೀರು ಹೊರಗೆ ಜಿನುಗುತ್ತಿಲ್ಲ. ಹೊಸ ಮಡಕೆಯಾದರೆ ಲೇಪದ ಅನುಮಾನ. ಹಳೆಯದಾದರೆ ರಂಧ್ರ ಕಟ್ಟಿಕೊಂಡಿದೆ. ಕೊಳವೆಬಾವಿಯ ಗಡಸು ನೀರು ತುಂಬುವ ಮನೆಗಳಲ್ಲಿ ಹೊರಮೈಯಲ್ಲಿ ಬಿಳಿ ಪುಡಿಯಂತೆ ಲವಣ ಕೂಡುತ್ತದೆ. ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಮುಟ್ಟಿಸಲೇಬೇಡಿ, ಮಣ್ಣು ಅದನ್ನು ಹೀರಿಕೊಂಡುಬಿಡುತ್ತದೆ.

ತೇವಕ್ಕಿಂತ ಹೆಚ್ಚಾಗಿ ಧಾರೆಯಾಗಿ ಹರಿಯುತ್ತಿದೆ: ಬಿರುಕು. ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಮಡಕೆ ಠಣ್ ಎನ್ನುತ್ತದೆ, ಬಿರುಕಿದ್ದು ಬೊದ್ದು ಸದ್ದು ಕೊಡುತ್ತದೆ.

ನೀರು ಒದ್ದೆ ಬಲ್ಬಿಗಿಂತ ತಣ್ಣಗಾಗಿದೆ: ಸಂತೋಷಪಡಬೇಡಿ, ಇದು ಆಗುವಂಥದ್ದಲ್ಲ. ಥರ್ಮಾಮೀಟರ್ ತಾಳೆ ನೋಡಿಲ್ಲ, ಒದ್ದೆ ಬಟ್ಟೆ ಆರಿಹೋಗಿತ್ತು, ಇಲ್ಲವೇ ಶುರುವಿನ ನೀರೇ ತಣ್ಣಗಿತ್ತು.

ಸುತ್ತಿದ ಮಡಕೆಯೂ ತಣ್ಣಗಾಗುತ್ತಿದೆ: ಕವರ್ ಸಡಿಲವಾಗಿದೆ ಅಥವಾ ತೂತಾಗಿದೆ. ಕವರಿನ ಒಳಗೆ ಹನಿ ಕಟ್ಟಿರುವುದು ದೋಷವಲ್ಲ, ಜಿನುಗಿದ ನೀರು ಹೊರಹೋಗಲಾಗದೆ ಅಲ್ಲೇ ಉಳಿದಿದೆ.

ಸ್ಟೀಲ್ ಪಾತ್ರೆಯ ಹೊರಗೆ ಹನಿ ಮೂಡಿದೆ: ಯಾರೋ ಐಸ್ ಅಥವಾ ಫ್ರಿಜ್ಜಿನ ನೀರು ಹಾಕಿದ್ದಾರೆ. ಇದನ್ನು ಮಡಕೆಯ ಬೆವರಿನೊಡನೆ ಬೆರೆಸಬೇಡಿ. ಮಡಕೆಯ ತೇವ ಒಳಗಿನಿಂದ ಬಂದದ್ದು, ಐಸ್ ನೀರಿನ ಲೋಟದ ಹನಿ ಹೊರಗಿನ ಗಾಳಿಯಿಂದ ಕೂತದ್ದು. ತಕ್ಕಡಿಯ ಮೇಲೆ ಒಂದು ಲೋಟ ಐಸ್ ನೀರಿಟ್ಟು ನೋಡಿ, ಹನಿ ಕಟ್ಟುತ್ತಿದ್ದಂತೆ ತೂಕ ಏರುತ್ತದೆ. ಮಡಕೆಯದು ಇಳಿಯುತ್ತದೆ. ಕರಾವಳಿಯವರು ಇದನ್ನು ತಪ್ಪದೆ ಮಾಡಿ, ನಿಮ್ಮ ಗಾಳಿಯಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ.

## ವಿಜ್ಞಾನ ಮೇಳಕ್ಕೆ ಒಯ್ಯುವವರಿಗೆ

ಮನೆಯಲ್ಲಿ ಬಂದದ್ದು ಅಲ್ಲಿ ಕೈಕೊಡಲು ಕಾರಣಗಳು ಗೊತ್ತಿರುವಂಥವೇ: ಜನ ತುಂಬಿದ ಹಾಲ್, ಮುಚ್ಚಿದ ಕಿಟಕಿ, ಎಲ್ಲರ ಉಸಿರು ಬೆವರಿನ ತೇವ, ಕಾಯಲು ಪುರುಸೊತ್ತಿಲ್ಲದ ತೀರ್ಪುಗಾರರು. ಮಡಕೆಗೆ ಗಂಟೆಗಳು ಬೇಕು. ಆದ್ದರಿಂದ ಮಡಕೆಯ ಫಲವನ್ನು ಗ್ರಾಫಿನಲ್ಲಿ ತೋರಿಸಿ, ಎದುರಿಗೆ ಮಾಡಿತೋರಿಸಲು ಒದ್ದೆ ಬಟ್ಟೆಯ ಥರ್ಮಾಮೀಟರ್ ಇಟ್ಟುಕೊಳ್ಳಿ. ಫ್ಯಾನ್ ಹಾಕಿದ ಎರಡೇ ನಿಮಿಷದಲ್ಲಿ ಅದು ಇಳಿಯುವುದು ಕಾಣುತ್ತದೆ. ಮೇಳಕ್ಕೆ ಹೋದೊಡನೆ ಅಲ್ಲಿನ ಗಾಳಿಯ ಒಣ, ಒದ್ದೆ ಅಂಕಿಗಳನ್ನು ಓದಿ ಬೋರ್ಡಿನಲ್ಲಿ ಬರೆದುಬಿಡಿ. ಕಡಿಮೆ ಇಳಿಯುತ್ತಿದೆ ಏಕೆ ಎಂದು ಕೇಳಿದರೆ ಉತ್ತರ ನಿಮ್ಮ ಬೆನ್ನ ಹಿಂದೆಯೇ ಇರುತ್ತದೆ.

ಸ್ಯಾನಿಟೈಸರ್ ಅಥವಾ ಸ್ಪಿರಿಟ್‌ನ ಒಂದು ಹನಿ, ನೀರಿನ ಒಂದು ಹನಿ, ಎರಡನ್ನೂ ಮುಂಗೈ ಮೇಲೆ ಹಾಕಿ ಊದಲು ಹೇಳುವುದೂ ಒಳ್ಳೆಯದೇ. ಸ್ಪಿರಿಟ್ ಹೆಚ್ಚು ಚಳಿ ಕೊಡುತ್ತದೆ. ಗ್ರಾಂ ಲೆಕ್ಕದಲ್ಲಿ ಅದಕ್ಕೆ ಬೇಕಾದ ಶಾಖ ನೀರಿನ ಅರ್ಧಕ್ಕಿಂತಲೂ ಕಡಿಮೆ, ಆದರೂ ಅದು ಹಾರುವ ವೇಗ ಬಹಳ ಹೆಚ್ಚು. ಇದು ತೀರ್ಪುಗಾರರು ಕೇಳುವ ಪ್ರಶ್ನೆ, ಉತ್ತರ ಸಿದ್ಧವಿರಲಿ. ಹನಿಯಷ್ಟೇ ಸಾಕು, ಬಾಟಲಿಯನ್ನು ಮೇಜಿನ ಮೇಲೆ ತೆರೆದಿಡಬೇಡಿ. ಹತ್ತಿರದಲ್ಲಿ ಯಾರಾದರೂ ಮೋಂಬತ್ತಿ, ಬರ್ನರ್ ಉರಿಸುವ ಪ್ರಯೋಗ ಇಟ್ಟಿದ್ದರೆ ಸ್ಪಿರಿಟ್ ತೆಗೆಯಲೇಬೇಡಿ. ಒದ್ದೆ ಕೈಯಲ್ಲಿ ಫ್ಯಾನಿನ ಪ್ಲಗ್, ಸ್ವಿಚ್ ಮುಟ್ಟಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿರಿ.

## ಮುಗಿದ ಮೇಲೆ

ಮೂರೂ ಪಾತ್ರೆಗಳ ನೀರನ್ನು ಗಿಡಕ್ಕೆ ಹಾಕಿ. ಬಕೆಟ್, ಲೋಟ, ತಟ್ಟೆಗಳಲ್ಲಿ ನೀರು ಉಳಿಸಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಮನೆಯೊಳಗೆ ಹೀಗೆ ಮರೆತುಬಿಟ್ಟ ತಿಳಿನೀರಿನಲ್ಲೇ. ಮಡಕೆಗಳನ್ನು ಒಳಗೂ ಹೊರಗೂ ನಾರಿನಿಂದ ಉಜ್ಜಿ, ಬಿಸಿಲಿನಲ್ಲಿ ಬೋರಲು ಹಾಕಿ, ತಳದ ಬಣ್ಣ ಮೊದಲಿನಂತೆ ತಿಳಿಯಾಗುವವರೆಗೆ ಒಣಗಿಸಿ. ಹಸಿಯಾಗಿಯೇ ಕಪಾಟಿಗೆ ಸೇರಿಸಿದರೆ ಬೂಷ್ಟು ಹಿಡಿಯುತ್ತದೆ, ಮುಂದಿನ ಬೇಸಿಗೆಗೆ ಅದರ ನೀರು ಕುಡಿಯಲು ಬರುವುದಿಲ್ಲ.